ಜೋಮು ಹಿಡಿದದ್ದು ಕೈಗೆ, ತಪ್ಪು ಇದ್ದದ್ದು ಸೀಟಿನಲ್ಲಿ: ಒಂದು ಬೇಸಿಗೆ ಸವಾರಿಯ ಪ್ರಕರಣ

ಫೆಬ್ರವರಿ ಕೊನೆಯ ಭಾನುವಾರ, ಮಧ್ಯಾಹ್ನ ಎರಡೂವರೆ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಮಾತಾಡಿದವರು ಮಂಡಗದ್ದೆ ಹತ್ತಿರ ಗೂಡಂಗಡಿ ಇಟ್ಟುಕೊಂಡವರು. "ಇಲ್ಲೊಬ್ರು ಸೈಕಲ್‌ನವರು ಕೂತಿದಾರೆ. ಫೋನ್ ಒತ್ತಕ್ಕೆ ಬೆರಳು ಬರ್ತಿಲ್ವಂತೆ. ನಿಮ್ ನಂಬರ್ ಬಾಯಲ್ಲಿ ಹೇಳಿದ್ರು, ನಾನೇ ಒತ್ತಿದೆ" ಅಂದರು.

ಕಾರು ತಗೊಂಡು ಹೋಗಿ ನೋಡಿದರೆ ನಮ್ಮ ಮೇಷ್ಟ್ರು ಅಂಗಡಿ ಬೆಂಚಿನ ಮೇಲೆ ಕೂತಿದ್ದರು. ಮುಖ ಕೆಂಪಾಗಿತ್ತು, ಒಂದು ಸಲ ವಾಂತಿ ಆಗಿತ್ತು, ತಲೆ ಸಿಡಿಯುತ್ತಿದೆ ಅಂದರು. ಸೈಕಲ್ ಹಲಸಿನ ಮರಕ್ಕೆ ಒರಗಿತ್ತು. ಕೊಟ್ಟ ಸೋಡಾ ಬಾಟಲಿಯನ್ನು ಎರಡೂ ಅಂಗೈ ಮಧ್ಯೆ ಒತ್ತಿ ಹಿಡಿದು ಕುಡಿಯುತ್ತಿದ್ದರು, ಚಿಕ್ಕ ಮಕ್ಕಳು ಹಾಲಿನ ಲೋಟ ಹಿಡಿಯುವ ಹಾಗೆ. ಎರಡೂ ಕೈಯ ಕಿರುಬೆರಳು, ಉಂಗುರದ ಬೆರಳು ಸತ್ತ ಹಾಗಿದ್ದವು.

ಅವತ್ತಿಂದ ಏಪ್ರಿಲ್‌ವರೆಗೆ ಏನೇನು ಮಾಡಿದೆವು, ಎಲ್ಲಿ ಎಡವಿದೆವು ಅನ್ನೋದನ್ನ ಬರೆದಿಡೋಣ ಅನ್ನಿಸಿತು. ಮೇಷ್ಟ್ರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ, ಅಳತೆಗಳು ಮಾತ್ರ ಇದ್ದ ಹಾಗೇ ಇವೆ. ಇನ್ನೊಂದು ಮಾತು. ನಾನು ಬೈಕ್ ಫಿಟ್ಟಿಂಗ್, ಅಂದರೆ ಸವಾರನ ಮೈಗೆ ಸೈಕಲ್ ಹೊಂದಿಸೋದನ್ನು, ಕಲಿತವನಲ್ಲ. ಹದಿನೈದು ವರ್ಷದಿಂದ ಸೈಕಲ್ ಹೊಡೆಯುತ್ತಾ, ನನ್ನದನ್ನೂ ಸ್ನೇಹಿತರದ್ದನ್ನೂ ಬಿಚ್ಚಿ ಜೋಡಿಸುತ್ತಾ ಗೊತ್ತಾದದ್ದು ಅಷ್ಟೆ.

ಯಾರು, ಯಾವ ಸೈಕಲ್, ಎಲ್ಲಿಗೆ

ಮೇಷ್ಟ್ರಿಗೆ ಐವತ್ತು ದಾಟಿದೆ. ಹೈಸ್ಕೂಲಿನಲ್ಲಿ ಪಾಠ ಮಾಡುತ್ತಾರೆ, ಮನೆ ಶಿವಮೊಗ್ಗದಲ್ಲಿ. ಎತ್ತರ 168 ಸೆಂ.ಮೀ., ತೂಕ 78 ಕೆ.ಜಿ., ಬಿ.ಪಿ.ಗೆ ಒಂದು ಮಾತ್ರೆ ಇದೆ. ಸೈಕಲ್ ಹೈಬ್ರಿಡ್, ಅಂದರೆ ನೇರ ಹ್ಯಾಂಡಲ್, 38 ಎಂ.ಎಂ. ಟೈರು. ದೀಪಾವಳಿ ಟೈಮಿನಲ್ಲಿ ತಗೊಂಡದ್ದು. ಚಳಿಗಾಲದಲ್ಲಿ ದಿನಾ ಬೆಳಿಗ್ಗೆ ಹತ್ತು ಹದಿನೈದು ಕಿಲೋಮೀಟರ್ ಹೊಡೆದು, ದೊಡ್ಡ ತೊಂದರೆ ಏನೂ ಇಲ್ಲದೆ ಆರಾಮಾಗಿದ್ದರು.

ಅವರ ಅಕ್ಕನ ಮನೆ ತೀರ್ಥಹಳ್ಳಿ. ಶಿವಮೊಗ್ಗದಿಂದ ಅರವತ್ತು ಚಿಲ್ಲರೆ ಕಿಲೋಮೀಟರ್. ಗಾಜನೂರು, ಸಕ್ರೆಬೈಲು, ಮಂಡಗದ್ದೆ ಮೇಲೆ ಹೋಗೋ ದಾರಿ, ಬಹಳಷ್ಟು ದೂರ ತುಂಗೆ ಪಕ್ಕದಲ್ಲೇ ಇರುತ್ತೆ. ಏಪ್ರಿಲ್‌ನಲ್ಲಿ ಅಕ್ಕನ ಮನೆಯಲ್ಲಿ ಒಂದು ಪೂಜೆ ಇತ್ತು. ಅದಕ್ಕೆ ಸೈಕಲ್‌ನಲ್ಲೇ ಹೋಗಬೇಕು ಅಂತ ಮೇಷ್ಟ್ರು ಹಠ ಹಿಡಿದಿದ್ದರು. ಫೆಬ್ರವರಿಯ ಆ ಭಾನುವಾರ ಅದರ ತಾಲೀಮು. ಏಳೂವರೆಗೆ ದೋಸೆ ತಿಂದು ಹೊರಟು, ತೀರ್ಥಹಳ್ಳಿ ಮುಟ್ಟಿ, ಊಟ ಮಾಡಿ, ಹನ್ನೆರಡೂವರೆಗೆ ವಾಪಸ್ ಹೊರಟಿದ್ದಾರೆ. ಮಲೆನಾಡು ತಂಪು ಅಂತ ಹೊರಗಿನವರು ಹೇಳುತ್ತಾರೆ. ಶಿವಮೊಗ್ಗದ ಬೇಸಿಗೆ ಮಧ್ಯಾಹ್ನ ನೋಡಿದವರು ಹಾಗೆ ಹೇಳಲ್ಲ.

ಒಂದರ ಮೇಲೊಂದು ಮದ್ದು

ಅವತ್ತು ಮೊದಲು ನೆರಳಿನಲ್ಲೇ ಮಲಗಿಸಿ ಕುತ್ತಿಗೆ, ಕಂಕುಳಿಗೆ ಒದ್ದೆ ಬಟ್ಟೆ ಇಟ್ಟು, ಗುಟುಕು ಗುಟುಕಾಗಿ ಓಆರ್‌ಎಸ್ ಕುಡಿಸಿದೆವು. ಮಾತು ನೆಟ್ಟಗಿತ್ತು, ಅದಕ್ಕೇ ಧೈರ್ಯ. ಮಾತು ತೊದಲಿದ್ದರೆ, ಎಲ್ಲಿದ್ದೇನೆ ಅನ್ನೋದೇ ಗೊತ್ತಾಗದಿದ್ದರೆ ನೇರ ಆಸ್ಪತ್ರೆಗೇ ಹೋಗಬೇಕು, ಅಲ್ಲಿ ಕೂತು ನೋಡೋಣ ಅನ್ನೋ ಪ್ರಶ್ನೆಯೇ ಇಲ್ಲ.

ವಾಂತಿ, ತಲೆನೋವು ಮರುದಿನಕ್ಕೆ ಹೋಯಿತು. ಬೆರಳು ಹೋಗಲಿಲ್ಲ. ಸೋಮವಾರ ಕ್ಲಾಸಿನಲ್ಲಿ ಡಸ್ಟರ್ ಕೈಯಿಂದ ಜಾರಿ ಬಿತ್ತಂತೆ, ಹುಡುಗರು ನಕ್ಕರಂತೆ. ಡಾಕ್ಟರ ಹತ್ತಿರ ಹೋದರು. ಅಂಗೈಯಲ್ಲಿ ಕಿರುಬೆರಳಿನ ಕಡೆ, ಮಣಿಕಟ್ಟಿನ ಹತ್ತಿರ ಅಲ್ನಾರ್ ನರ ಒತ್ತಿಹೋಗಿದೆ, ಎರಡು ವಾರ ಸೈಕಲ್ ಮುಟ್ಟಬೇಡಿ ಅಂದರು. ಮೊಣಕೈ ಎಲ್ಲಾದರೂ ತಾಗಿದಾಗ ಜುಂ ಅನ್ನುತ್ತಲ್ಲ, ಅದೇ ನರ. ಹೊತ್ತುಗಟ್ಟಲೆ ಹ್ಯಾಂಡಲ್ ಮೇಲೆ ಭಾರ ಬಿಟ್ಟು ಕೂತವರಿಗೆ ಇದು ಆಗೋದು ಹೊಸದೇನಲ್ಲ.

ಆ ಎರಡು ವಾರದಲ್ಲಿ ಕೂತು ಹಳೆ ಕಥೆಯೆಲ್ಲ ಕೇಳಿದೆ. ಆಗ ಗೊತ್ತಾಯಿತು, ಈ ಸೈಕಲ್ ಅಂಗಡಿಯಿಂದ ಬಂದ ಹಾಗೆ ಉಳಿದೇ ಇರಲಿಲ್ಲ.

ಅಂಗಡಿಯವರು ಸೀಟು ತುಂಬ ಕೆಳಗಿಟ್ಟು ಕೊಟ್ಟಿದ್ದರು, ಕೂತರೆ ಎರಡೂ ಪಾದ ನೆಲಕ್ಕೆ ಊರಬೇಕು ಅನ್ನೋ ಲೆಕ್ಕದಲ್ಲಿ. ಮಂಡಿ ನೋವು ಬಂತು. ಮೇಷ್ಟ್ರು ಯಾವುದೋ ವಿಡಿಯೋ ನೋಡಿ ಸೀಟನ್ನು ಎತ್ತಿದರು, ಸಿಕ್ಕಾಪಟ್ಟೆ ಎತ್ತಿದರು. ಈಗ ಪೆಡಲ್ ಕೆಳಗೆ ಹೋದಾಗಲೆಲ್ಲ ಸೊಂಟ ಆ ಕಡೆ ಈ ಕಡೆ ಜಾರಿ, ತೊಡೆ ಸಂದಿಯಲ್ಲಿ ಉಜ್ಜಿ ಉರಿ ಶುರುವಾಯಿತು, ಮುಂದುಗಡೆ ಒತ್ತಲೂ ತೊಡಗಿತು. ಒತ್ತುತ್ತೆ ಅಂತ ಸೀಟಿನ ಮೂತಿ ಕೆಳಗೆ ಬಗ್ಗಿಸಿದರು. ಸಾಲದು ಅಂತ ಮೇಲೊಂದು ಜೆಲ್ ಕವರ್ ಹಾಕಿದರು. ಮೂತಿ ಬಗ್ಗಿದ ಸೀಟು ಅಂದರೆ ಜಾರುಬಂಡಿ, ಅದರ ಮೇಲೆ ಜೆಲ್ ಬೇರೆ. ಮೈ ಮುಂದೆ ಜಾರೋದನ್ನು ತಡೆಯೋಕೆ ಕೈ ಒತ್ತಲೇಬೇಕು. ಕೈ ನೋಯುತ್ತೆ ಅಂತ ದಪ್ಪ ಜೆಲ್ ಗ್ಲೌಸ್ ತಂದರು. ದಪ್ಪ ಗ್ಲೌಸ್ ಹಾಕಿದಾಗ ಹಿಡಿ ದಪ್ಪಗಾಗಿ ಇನ್ನೂ ಬಿಗಿ ಹಿಡಿಯಬೇಕಾಯಿತು.

ಅಂದರೆ ಅಂಗಡಿಯವರದ್ದೂ ಸೇರಿ ನಾಲ್ಕು ತಿಂಗಳಲ್ಲಿ ಐದು ಬದಲಾವಣೆ. ಒಂದೊಂದೂ ಹಿಂದಿನ ಮದ್ದು ತಂದ ಕಾಯಿಲೆಗೆ ಮದ್ದು. ಹತ್ತು ಕಿಲೋಮೀಟರ್ ಚಳಿಯಲ್ಲಿ ಇದು ಯಾವುದೂ ದೊಡ್ಡದಾಗಿ ಕಾಣಿಸಲೇ ಇಲ್ಲ.

ನಾನೂ ಎಡವಿದೆ

ಮಾರ್ಚ್ ಮಧ್ಯದಲ್ಲಿ ಬೆರಳು ಸುಮಾರು ಸರಿಯಾಯಿತು. ಸೈಕಲ್ ನನ್ನ ಮನೆಗೆ ಬಂತು. ಕೈಗೆ ತಾನೇ ತೊಂದರೆ, ಹ್ಯಾಂಡಲ್ ಎತ್ತಿದರೆ ಆಯ್ತಲ್ಲ ಅಂತ ಹ್ಯಾಂಡಲನ್ನು ಸೈಕಲ್‌ಗೆ ಹಿಡಿಸುವ, ಕೋನ ಬದಲಿಸಬಹುದಾದ ಸ್ಟೆಮ್ಮನ್ನು ಮೇಲಕ್ಕೆ ತಿರುಗಿಸಿದೆ. ಹ್ಯಾಂಡಲ್ ನಾಲ್ಕು ಸೆಂಟಿಮೀಟರ್ ಮೇಲೆ ಬಂತು. ಹತ್ತು ನಿಮಿಷದ ಕೆಲಸ, ಬಹಳ ಜಾಣ ಅನ್ನಿಸಿತು ನನಗೆ.

ಮೇಷ್ಟ್ರು ಒಂದು ಸುತ್ತು ಹೋಗಿ ಬಂದು "ಕೈಗೆ ಸ್ವಲ್ಪ ಹಗುರ, ಕೂರೋ ಜಾಗ ಮಾತ್ರ ಸುಟ್ಟ ಹಾಗೆ ಆಗ್ತಿದೆ ಮಾರಾಯ" ಅಂದರು. ಆಗದೆ ಏನು? ಕೈ ಮೇಲಿದ್ದ ಭಾರವನ್ನು ತೆಗೆದು ಕೆಟ್ಟು ಕೂತ ಸೀಟಿನ ಮೇಲೆ ಹಾಕಿದ್ದೆ ಅಷ್ಟೆ. ನಾನೂ ಅವರ ಸರಪಳಿಗೆ ಆರನೇ ಕೊಂಡಿ ಸೇರಿಸಿದ್ದೆ.

ಗಾಜನೂರು ದಾರಿಯಲ್ಲಿ ಕಂಡದ್ದು

ಮುಂದಿನ ಭಾನುವಾರ ಇಬ್ಬರೂ ಗಾಜನೂರು ಡ್ಯಾಮ್‌ವರೆಗೆ ಹೋದೆವು. ಹೋಗಿ ಬಂದರೆ ಸುಮಾರು 25 ಕಿ.ಮೀ. ಸಲಹೆ ಕೊಡದೆ ಸುಮ್ನೆ ಹಿಂದೆ ಹಿಂದೆ ಹೋಗಬೇಕು ಅಂತ ನಿರ್ಧಾರ ಮಾಡಿದ್ದೆ. ಈ ಇಡೀ ಪ್ರಕರಣದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ ಇರಬೇಕು.

ಹಿಂದಿನಿಂದ ಎರಡು ಕಂಡವು. ಬೆನ್ನಿಗೆ ಹಾಕಿದ್ದ ಬ್ಯಾಗು ಗಡಿಯಾರದ ಲೋಲಕದ ಹಾಗೆ ಎಡಕ್ಕೂ ಬಲಕ್ಕೂ ತೂಗುತ್ತಿತ್ತು, ಅಂದರೆ ಸೊಂಟ ತೂಗುತ್ತಿದೆ, ಸೀಟು ಎತ್ತರ ಜಾಸ್ತಿ. ಇನ್ನೊಂದು, ಎರಡು ನಿಮಿಷಕ್ಕೊಮ್ಮೆ ಮೇಷ್ಟ್ರು ಕೈ ಊರಿ ಮೈಯನ್ನು ಹಿಂದಕ್ಕೆ ತಳ್ಳಿ ಕೂರುತ್ತಿದ್ದರು. ಕೇಳಿದರೆ "ಹೌದಾ? ನಂಗೆ ಗೊತ್ತೇ ಇಲ್ಲ" ಅಂದರು. ಲೆಕ್ಕ ಹಾಕಿ ನೋಡಿ, ನಾಲ್ಕು ಗಂಟೆಯ ಸವಾರಿಯಲ್ಲಿ ಹೀಗೆ ನೂರಿಪ್ಪತ್ತು ಸಲ ತಳ್ಳಬೇಕು, ಮಧ್ಯದ ಹೊತ್ತೆಲ್ಲ ಜಾರದ ಹಾಗೆ ಒತ್ತಿ ಹಿಡಿದಿರಬೇಕು. ನರ ಜೋಮು ಹಿಡಿಯದೆ ಇನ್ನೇನಾಗುತ್ತೆ?

ಬಿಸಿಲಿನ ಪಾತ್ರವೂ ಅಲ್ಲೇ ಅರ್ಥವಾಯಿತು. ಜೋರಾಗಿ ತುಳಿಯುವಾಗ ಮೈಭಾರದ ಒಂದು ಪಾಲನ್ನು ಕಾಲು ಹೊರುತ್ತೆ. ಸೆಕೆಗೆ ಸುಸ್ತಾಗಿ ತುಳಿತ ಹಗುರಾದ ಕೂಡಲೇ ಆ ಭಾರ ಸೀಟಿಗೂ ಅಂಗೈಗೂ ಇಳಿಯುತ್ತೆ. ಜೊತೆಗೆ ಬಿಸಿಗೆ ಕೈ, ಪಾದ ಸ್ವಲ್ಪ ಊದುತ್ತವೆ, ಬೆವರಿಗೆ ಚರ್ಮ ಮೆತ್ತಗಾಗಿ ಬೇಗ ಉಜ್ಜಿಹೋಗುತ್ತೆ. ಬೆಳಿಗ್ಗೆ ಏಳಕ್ಕೆ ಸರಿಯಾಗಿದ್ದ ಸೈಕಲ್ ಹನ್ನೊಂದಕ್ಕೆ ಶತ್ರು ಆಗೋದು ಹೀಗೆ. ಹಾಗಾಗಿ ಬೇಸಿಗೆಗೆ ಸೈಕಲ್ ಹೊಂದಿಸುವಾಗ ಹುರುಪಿನಲ್ಲಿರುವ ಮೈಯನ್ನು ನೋಡಬಾರದು, ಸೋತ ಮೈಗೆ ಹೊಂದುತ್ತಾ ಅಂತ ನೋಡಬೇಕು.

ಅಳತೆ

ಮನೆಗೆ ಬಂದು ಜಗುಲಿಯಲ್ಲಿ ಸೈಕಲ್ ನಿಲ್ಲಿಸಿದೆವು. ಸೀಟಿನ ಮೇಲೆ ಮೇಷ್ಟ್ರ ಹಳೇ ರಟ್ಟಿನ ಹಾಜರಿ ಪುಸ್ತಕ, ಅದರ ಮೇಲೆ ಫೋನು, ಫೋನಿನಲ್ಲಿ ಮಟ್ಟ ತೋರಿಸುವ ಆ್ಯಪ್. ಒಂಬತ್ತು ಡಿಗ್ರಿ ಕೆಳಗೆ ತೋರಿಸಿತು. ಆಮೇಲೆ ನೆನಪಾಯಿತು, ಮಳೆ ನೀರು ಹರಿದು ಹೋಗಲಿ ಅಂತ ನಮ್ಮ ಜಗುಲಿಯೇ ಇಳಿಜಾರು. ಫೋನನ್ನು ನೆಲಕ್ಕಿಟ್ಟು ನೋಡಿದರೆ ಎರಡು ಡಿಗ್ರಿ ಅಲ್ಲೇ ಇತ್ತು. ಕಳೆದರೆ ಏಳು. ಏಳಾದರೂ ತುಂಬಾ ಜಾಸ್ತಿ. ಸೀಟು ಮಟ್ಟಸ ಇರಬೇಕು, ಹೆಚ್ಚೆಂದರೆ ಒಂದೆರಡು ಡಿಗ್ರಿ ಮುಂದೆ ಬಾಗಿರಬಹುದು.

ಇಲ್ಲಿ ಒಂದು ನಿಯಮ ಹಾಕಿಕೊಂಡೆವು. ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಗಾಜನೂರಿಗೆ ಒಂದು ಸುತ್ತು, ಬಂದು ಪುಸ್ತಕದಲ್ಲಿ ಬರೆಯೋದು. ಮೇಷ್ಟ್ರಿಗೆ ಈ ಭಾಗ ತುಂಬಾ ಹಿಡಿಸಿತು. ಹಾಜರಿ ಪುಸ್ತಕದ ಖಾಲಿ ಹಾಳೆಗಳಲ್ಲಿ ತಾರೀಕು, ಅಳತೆ, ಎಷ್ಟನೇ ನಿಮಿಷಕ್ಕೆ ಎಲ್ಲಿ ನೋವು ಅಂತ ಗೆರೆ ಎಳೆದು ಬರೆದರು.

ಮೊದಲು ಮೂತಿ ಎತ್ತಿ ಒಂದು ಡಿಗ್ರಿಗೆ ತಂದೆವು, ಬೇರೇನೂ ಮುಟ್ಟಲಿಲ್ಲ. ಮುಂಚೆ ನಲವತ್ತನೇ ನಿಮಿಷಕ್ಕೆ ಶುರುವಾಗುತ್ತಿದ್ದ ಜೋಮು ಆ ದಿನ ಬರಲೇ ಇಲ್ಲ. ಆದರೆ ಮುಂದುಗಡೆ ಒತ್ತೋದು ಜಾಸ್ತಿಯಾಯಿತು. ಅದೂ ಸರಿಯೇ, ಮೂತಿ ಬಗ್ಗಿಸಿದ್ದೇ ಆ ಒತ್ತು ತಪ್ಪಿಸೋಕೆ ಅಲ್ವಾ? ಒತ್ತಿನ ಮೂಲ ಎತ್ತರ.

ಎತ್ತರಕ್ಕೆ ಒಂದು ಹಳೆ ಲೆಕ್ಕ ಇದೆ. ಟೂರ್ ಡಿ ಫ್ರಾನ್ಸ್ ಮೂರು ಸಲ ಗೆದ್ದ ಅಮೆರಿಕದ ಗ್ರೆಗ್ ಲೆಮಾಂಡ್ ಜನಪ್ರಿಯ ಮಾಡಿದ್ದು. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ತೊಡೆ ಸಂದಿಗೆ ಒಂದು ಪುಸ್ತಕವನ್ನು ಗಟ್ಟಿಯಾಗಿ ಒತ್ತಿ, ಅದರ ಮೇಲಂಚಿನಿಂದ ನೆಲದವರೆಗೆ ಅಳೆಯಬೇಕು. ಅದನ್ನು 0.883ರಿಂದ ಗುಣಿಸಿದರೆ ಪೆಡಲ್ ಕಟ್ಟೆಯ (ಎರಡೂ ಪೆಡಲ್‌ನ ತೋಳು ಸೇರಿ ತಿರುಗುವ ಫ್ರೇಮಿನ ಜಾಗ) ನಡುವಿನಿಂದ ಸೀಟಿನ ಮೇಲ್ಭಾಗದ ತನಕ ಎಷ್ಟಿರಬೇಕು ಅನ್ನೋದು ಬರುತ್ತೆ. ಮೇಷ್ಟ್ರದ್ದು 77 ಸೆಂ.ಮೀ., ಅಂದರೆ 68. ಅವರ ಸೀಟು ಇದ್ದದ್ದು 72ರಲ್ಲಿ! ಇದು ಕಲ್ಲಲ್ಲಿ ಕೊರೆದ ಲೆಕ್ಕವೇನಲ್ಲ, ಶುರು ಮಾಡೋಕೆ ಒಂದು ಜಾಗ ಅಷ್ಟೆ. ಟೇಪು ಇಲ್ಲದಿದ್ದರೆ ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಪೂರ್ತಿ ಕೆಳಗೆ ತಂದಾಗ ಕಾಲು ನೇರ ಆಗಬೇಕು, ಸೊಂಟ ಅಲ್ಲಾಡಬಾರದು. ಒಂದೇ ಏಟಿಗೆ ನಾಲ್ಕು ಸೆಂಟಿಮೀಟರ್ ಇಳಿಸದೆ ಎರಡು ಕಂತಿನಲ್ಲಿ ಇಳಿಸಿದೆವು, ಕೊನೆಗೆ 68.5ಕ್ಕೆ ನಿಂತಿತು. ಬ್ಯಾಗಿನ ತೂಗಾಟ ನಿಂತಿತು. ಉಜ್ಜೋದೂ ನಿಂತಿತು.

ಆಮೇಲೆ ಹಿಂದೆ ಮುಂದೆ. ಪೆಡಲ್‌ಗಳನ್ನು ಮಟ್ಟಸಕ್ಕೆ ನಿಲ್ಲಿಸಿ, ಮುಂದಿನ ಮಂಡಿ ಚಿಪ್ಪಿನ ಕೆಳಗಿನಿಂದ ದಾರಕ್ಕೆ ನಟ್ಟು ಕಟ್ಟಿ ಇಳಿಬಿಟ್ಟರೆ ಅದು ಪೆಡಲ್ ಅಚ್ಚಿನ ಆಸುಪಾಸು ಬೀಳಬೇಕು. ಇವರದ್ದು ಎರಡು ಸೆಂಟಿಮೀಟರ್ ಮುಂದೆ ಬಿತ್ತು. ಸೀಟನ್ನು ಒಂದೂವರೆ ಸೆಂಟಿಮೀಟರ್ ಹಿಂದೆ ಜರುಗಿಸಿದೆವು. ಸೀಟು ಹಿಂದೆ ಹೋದರೆ ಹ್ಯಾಂಡಲ್ ದೂರವಾಗುತ್ತೆ, ಕೈಗೆ ಭಾರ ಜಾಸ್ತಿ ಆಗಬೇಕು ಅಂತ ಅನ್ನಿಸುತ್ತೆ. ಎಷ್ಟೋ ಸಲ ಉಲ್ಟಾ ಆಗುತ್ತೆ, ಯಾಕೆಂದರೆ ಮೈಯ ತೂಕವೇ ಕಾಲ ಮೇಲೆ ಹಿಂದೆ ಕೂರುತ್ತೆ. ಇದನ್ನ ಮೇಷ್ಟ್ರು ನಂಬಲಿಲ್ಲ. ಹೊಡೆದು ನೋಡಿದ ಮೇಲೆ ನಂಬಿದರು.

ಜೆಲ್ ಕವರ್ ತೆಗೆಯಿರಿ ಅಂದಾಗ ಮಾತ್ರ ದೊಡ್ಡ ವಾದ ಆಯಿತು. "ಮೆತ್ತಗಿದ್ರೆ ತಾನೇ ಸುಖ?" ಅನ್ನೋದು ಅವರ ವಾದ. ಹತ್ತಿ ಹಾಸಿಗೆ ಮೇಲೆ ಹತ್ತು ನಿಮಿಷ ಸುಖ, ರಾತ್ರಿಯಿಡೀ ಮಲಗಿದರೆ ಬೆನ್ನು ನೋವು ಅಂತ ನಾನು. ವಿಷಯ ಏನೆಂದರೆ, ಕೂರುವಾಗ ಭಾರ ಹೊರಬೇಕಾದದ್ದು ಕುಂಡಿಯ ಎರಡು ಮೂಳೆ. ತುಂಬಾ ಮೆತ್ತಗಿದ್ದರೆ ಆ ಮೂಳೆ ಒಳಗೆ ಹೂತು, ಮಧ್ಯದ ಮೆತ್ತನೆ ಭಾಗಕ್ಕೆ ಜೆಲ್ ಕೆಳಗಿನಿಂದ ಒತ್ತುತ್ತೆ, ಬೆವರೂ ಅಲ್ಲೇ ನಿಲ್ಲುತ್ತೆ. ಕಿರಾಣಿ ಅಂಗಡಿಯ ರಟ್ಟಿನ ಪೆಟ್ಟಿಗೆ ಹರಿದು, ಮೆಟ್ಟಿಲ ಮೇಲೆ ಹಾಕಿ, ಅದರ ಮೇಲೆ ಕೂರಿಸಿದೆ. ರಟ್ಟಿನಲ್ಲಿ ಎರಡು ಕುಳಿ ಬಿದ್ದವು. ನಡುವಿನಿಂದ ನಡುವಿಗೆ 12 ಸೆಂ.ಮೀ. ಅದಕ್ಕೆ ಎರಡೂವರೆಯಿಂದ ಮೂರು ಸೇರಿಸಿ, ನಡುವೆ ಸೀಳಿರುವ, ಸ್ವಲ್ಪ ಗಟ್ಟಿಯಾದ 15 ಸೆಂ.ಮೀ. ಅಗಲದ ಸೀಟು ತಂದೆವು. ಮೊದಲ ವಾರ ಮೂಳೆ ನೊಂದವು, ಬೈಗುಳ ನನಗೆ. ಎರಡನೇ ವಾರ ಬೈಗುಳ ನಿಂತಿತು.

ಹ್ಯಾಂಡಲ್ ಕೊನೆಗೆ. ನಾನು ಎತ್ತಿದ್ದ ನಾಲ್ಕು ಸೆಂಟಿಮೀಟರ್‌ನಲ್ಲಿ ಎರಡನ್ನು ಇಳಿಸಿದೆ. ಬ್ರೇಕ್ ಲಿವರ್‌ಗಳು ನೆಲಕ್ಕೆ ಸಮನಾಗಿದ್ದವು, ಬೆರಳಿಡಬೇಕಾದರೆ ಮಣಿಕಟ್ಟು ಮೇಲಕ್ಕೆ ಮಡಚುತ್ತಿತ್ತು. ಸಡಿಲಿಸಿ ಕೆಳಕ್ಕೆ ತಿರುಗಿಸಿ ಮುಂಗೈ, ಮಣಿಕಟ್ಟು, ಬೆರಳು ಒಂದೇ ಗೆರೆಗೆ ಬರುವ ಹಾಗೆ ಮಾಡಿದೆ. ದುಡ್ಡೇ ಖರ್ಚಿಲ್ಲದ ಕೆಲಸ, ಯಾರೂ ಮಾಡಲ್ಲ. ಅಂಗೈ ಕಡೆ ಅಗಲವಾಗಿರುವ ಗ್ರಿಪ್ ಹಾಕಿದೆವು, ತುದಿಗೆ ಕೊಂಬಿನ ಹಾಗಿರುವ ಎರಡು ಬಾರ್ ಎಂಡ್. ನೇರ ಹ್ಯಾಂಡಲ್‌ನಲ್ಲಿ ಕೈ ಇಡೋಕೆ ಒಂದೇ ಜಾಗ, ಕೊಂಬು ಬಂದರೆ ಎರಡಾಗುತ್ತೆ. "ಎಮ್ಮೆ ಆಯ್ತು ನೋಡು" ಅಂದರು ಮೇಷ್ಟ್ರು.

ಟೈರಿನ ಗಾಳಿ ಎರಡೇ ಮಾತಿನಲ್ಲಿ ಹೇಳುತ್ತೇನೆ. ಕಲ್ಲಿನ ಹಾಗೆ 80 ಪಿ.ಎಸ್.ಐ. ಹೊಡೆಸುತ್ತಿದ್ದರು. ಟೈರಿನ ಪಕ್ಕದಲ್ಲಿ ಬರೆದ ಮಿತಿಯೊಳಗೇ ಹಿಂದೆ 55, ಮುಂದೆ 50ಕ್ಕೆ ಇಳಿಸಿದೆವು, ಡಾಂಬರು ಕಿತ್ತ ಕಡೆ ಕೈಗೆ ಬರುತ್ತಿದ್ದ ಕಂಪನ ಅರ್ಧಕ್ಕರ್ಧ ಹೋಯಿತು.

ಬೆನ್ನಿನ ಬ್ಯಾಗು, ಬೆವರಿನ ಲೆಕ್ಕ

ಸೈಕಲ್ ಸರಿಹೋದ ಮೇಲೂ ಒಂದು ಉಳಿಯಿತು. ಆ ಬ್ಯಾಗು. ಎರಡು ಲೀಟರ್ ನೀರು, ಬುತ್ತಿ, ಬೀಗ, ಪಂಪು, ಒಟ್ಟು ಐದು ಕೆ.ಜಿ. ಅಷ್ಟೂ ಬೆನ್ನ ಮೇಲೆ, ಅಂದರೆ ಸ್ವಲ್ಪ ಕೈ ಮೇಲೆ, ಸ್ವಲ್ಪ ಸೀಟಿನ ಮೇಲೆ. ಮೇಲಾಗಿ ಬೆನ್ನಿಗೆ ಗಾಳಿಯೇ ತಾಗಲ್ಲ, ಬೆವರು ಆರಿದರೆ ತಾನೇ ಮೈ ತಣಿಯೋದು. ಹಿಂದೆ ಕ್ಯಾರಿಯರ್ ಹಾಕಿಸಿ ಎಲ್ಲ ಅದಕ್ಕೆ ಕಟ್ಟಿದೆವು, ಫ್ರೇಮಿಗೆ ಎರಡು ಬಾಟಲ್ ಸ್ಟ್ಯಾಂಡ್. ಒಂದು ಬಾಟಲಿಗೆ ಹಳೆ ಹತ್ತಿ ಕಾಲುಚೀಲ ತೊಡಿಸಿ ಒದ್ದೆ ಮಾಡೋದು, ಮಣ್ಣಿನ ಹೂಜಿಯ ಉಪಾಯವೇ. ಮಾರ್ಚ್ ಏಪ್ರಿಲ್‌ನ ಒಣ ಗಾಳಿಗೆ ಚೆನ್ನಾಗಿ ಕೆಲಸ ಮಾಡುತ್ತೆ. ಮೇ ಕೊನೆಗೆ ಮೋಡ ಕಟ್ಟಿ ಧಗೆ ಹೊಡೆಯುವಾಗ ಅಷ್ಟಕ್ಕಷ್ಟೆ.

ಮಂಡಗದ್ದೆಯ ದಿನ ನಾಲ್ಕು ಲೀಟರ್ ನೀರು ಕುಡಿದಿದ್ದೆ ಅಂತ ಮೇಷ್ಟ್ರು ಹೇಳಿದ್ದರು. ಆದರೂ ಹಾಗ್ಯಾಕಾಯಿತು? ಕುಡಿದದ್ದು ಬರೀ ನೀರು. ಬೆವರಿನಲ್ಲಿ ಉಪ್ಪೂ ಹೋಗಿರುತ್ತೆ. ಉಪ್ಪಿಲ್ಲದೆ ನೀರನ್ನೇ ಸುರಿದುಕೊಂಡರೆ ರಕ್ತದ ಸೋಡಿಯಂ ಇಳಿದು ವಾಂತಿ, ತಲೆನೋವು ಬರಬಹುದು. ಬಿಸಿಲೇ ಕಾರಣವೋ ಇದೋ, ಎರಡೂ ಸೇರಿತ್ತೋ, ನಾವು ಎರಡಕ್ಕೂ ದಾರಿ ಹುಡುಕಿದೆವು.

ಒಂದು ಗಂಟೆ ಬಿಸಿಲಿನಲ್ಲಿ ಹೊಡೆಯುವ ಮುಂಚೆ, ಆಮೇಲೆ ಮೈ ಒರೆಸಿಕೊಂಡು ತೂಕ ನೋಡಿದರು. 900 ಗ್ರಾಂ ಇಳಿದಿತ್ತು, ನಡುವೆ 300 ಎಂ.ಎಲ್. ಕುಡಿದಿದ್ದರು. ಅಂದರೆ ಗಂಟೆಗೆ ಸುಮಾರು 1.2 ಲೀಟರ್ ಬೆವರು. ಅಷ್ಟನ್ನೂ ತುಂಬಿಸೋಕೆ ಹೊಟ್ಟೆ ಒಪ್ಪಲ್ಲ. ಗಂಟೆಗೆ ಮುಕ್ಕಾಲು ಲೀಟರ್ ಅಂತ ಇಟ್ಟುಕೊಂಡೆವು, ಒಂದು ಬಾಟಲಿ ನೀರು, ಒಂದು ಬಾಟಲಿ ಓಆರ್‌ಎಸ್. ದೊಡ್ಡ ಪ್ಯಾಕೆಟ್ ಒಂದು ಲೀಟರ್‌ಗೆ ಮಾಡಿದ್ದು. ಮುಕ್ಕಾಲು ಲೀಟರ್ ಬಾಟಲಿಗೆ ಪೂರ್ತಿ ಸುರಿದು ಗಟ್ಟಿ ಮಾಡಬಾರದು. ಬಿ.ಪಿ. ಇರೋದರಿಂದ ಉಪ್ಪಿನ ಬಗ್ಗೆ ಮೊದಲೇ ಡಾಕ್ಟರನ್ನು ಕೇಳಿದರು, ಕೆಲವು ಬಿ.ಪಿ. ಮಾತ್ರೆ ಮೂತ್ರ ಜಾಸ್ತಿ ಮಾಡುತ್ತವೆ ಅಂತ ಅಲ್ಲೇ ಗೊತ್ತಾದದ್ದು. ದಾರಿಯಲ್ಲಿ ಉಪ್ಪು ಹಾಕಿದ ಮಜ್ಜಿಗೆ ಸಿಕ್ಕರೆ ಬಿಡಬೇಡಿ. ಎಳನೀರು ಒಳ್ಳೆಯದೇ, ಪೊಟ್ಯಾಸಿಯಂ ಬೇಕಾದಷ್ಟಿದೆ, ಸೋಡಿಯಂ ಕಡಿಮೆ. ಅದೊಂದನ್ನೇ ನೆಚ್ಚಿಕೊಳ್ಳೋ ಹಾಗಿಲ್ಲ.

ಬಟ್ಟೆ ವಿಷಯಕ್ಕೆ ಬಂದರೆ, ಪ್ಯಾಡ್ ಇರುವ ಸೈಕಲ್ ಚಡ್ಡಿ ತಂದುಕೊಟ್ಟೆ. ಒಳಗೆ ಬೇರೆ ಚಡ್ಡಿ ಹಾಕಬಾರದು, ಅದರ ಹೊಲಿಗೆಯೇ ಒದ್ದೆಯಾಗಿ ಗಾಯ ಮಾಡೋದು ಅಂತ ಹೇಳಿದ್ದಕ್ಕೆ "ಈ ವಯಸ್ಸಲ್ಲಿ ಇದನ್ನ ಹಾಕ್ಕೊಂಡು ಅಕ್ಕನ ಮನೆ ಪೂಜೆಗೆ ಹೋಗ್ಲಾ ಮಾರಾಯ?" ಅಂದರು. ಮೇಲೊಂದು ತೆಳು ಪ್ಯಾಂಟು, ಕ್ಯಾರಿಯರ್ ಚೀಲದಲ್ಲಿ ಒಂದು ಪಂಚೆ. ಅಲ್ಲಿಗೆ ರಾಜಿ ಆಯಿತು.

ಹೋಗಿದ್ದು

ಕೊನೆಯ ಜಗಳ ಟೈಮಿನದ್ದು. ಒಂದೇ ದಿನ ಹೋಗಿ ಬರ್ತೀನಿ ಅಂತ ಮೇಷ್ಟ್ರು. ಮಧ್ಯಾಹ್ನ ಹೊರಟರೆ ಮತ್ತೆ ಅದೇ ಮಂಡಗದ್ದೆ, ನಾಲ್ಕಕ್ಕೆ ಹೊರಟರೆ ಕಾಡಿನ ರಸ್ತೆಯಲ್ಲಿ ಕತ್ತಲು. ನನ್ನ ಮಾತು ನಡೆಯಲಿಲ್ಲ. ಅವರ ಅಕ್ಕನಿಗೆ ಫೋನ್ ಮಾಡಿದೆ. "ಅವ್ನು ರಾತ್ರಿ ಉಳಿಯೋದಾದ್ರೆ ಬರ್ಲಿ, ಇಲ್ಲಾಂದ್ರೆ ಬಸ್ಸಲ್ಲಿ ಬರ್ಲಿ" ಅಂತ ಒಂದೇ ಮಾತು. ಮುಗೀತು.

ಬೇಸಿಗೆ ರಜೆ ಶುರುವಾದ ವಾರ, ಬೆಳಿಗ್ಗೆ ಐದೂವರೆಗೆ ಹೊರಟೆವು. ಸಕ್ರೆಬೈಲಿನ ಕಾಡು ಬರುವಷ್ಟರಲ್ಲಿ ಬೆಳಕು ಹರಿಯಲಿ ಅನ್ನೋ ಲೆಕ್ಕ. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ನಿಂತು ಹತ್ತು ಸುತ್ತು ತುಳಿಯೋದು, ಕೈ ಕೊಂಬಿಗೆ ಬದಲಿಸೋದು, ಎರಡು ಗುಟುಕು ಕುಡಿಯೋದು, ಮೇಷ್ಟ್ರ ಫೋನಿನಲ್ಲಿ ಗಂಟೆ ಹೊಡೆಯುತ್ತಿತ್ತು, ಪೀರಿಯಡ್ ಬದಲಾಗುವ ಹಾಗೆ. ಏರಿನಲ್ಲಿ ವೇಗ ಇಳಿದು ಗಾಳಿ ನಿಲ್ಲುತ್ತೆ, ಅಲ್ಲೇ ಮೈ ಕುದಿಯೋದು, ಅದಕ್ಕೆ ಹಗುರ ಗೇರಿಗೆ ಹಾಕಿ ನಿಧಾನ ಹತ್ತಿದೆವು. ಆ ಗೂಡಂಗಡಿಯಲ್ಲಿ ನಿಲ್ಲಿಸಿ ಟೀ ಕುಡಿದೆವು. ಅಂಗಡಿಯವರು ಗುರುತು ಹಿಡಿದು "ಇವತ್ತು ಬೆರಳು ಬರುತ್ತಾ?" ಅಂತ ಕೇಳಿದರು. ಮೇಷ್ಟ್ರು ಜೇಬಿನಿಂದ ಚಿಲ್ಲರೆ ತೆಗೆದು ಒಂದೊಂದೇ ನಾಣ್ಯ ಎಣಿಸಿ ಅವರ ಕೈಗಿಟ್ಟರು.

ಒಂಬತ್ತೂಕಾಲಿಗೆ ತೀರ್ಥಹಳ್ಳಿ. ಮರುದಿನ ಬೆಳಿಗ್ಗೆ ವಾಪಸ್. ಜೋಮು ಇಲ್ಲ, ವಾಂತಿ ಇಲ್ಲ. ಮೂಳೆ ಸ್ವಲ್ಪ ನೊಂದಿತ್ತು ಅಷ್ಟೆ. ಒಂದೇ ದಿನ ಹೋಗಿ ಬರುವ ಆಸೆಯನ್ನು ಅದೇ ಸೈಕಲ್, ಅದೇ ಅಳತೆಯಲ್ಲಿ ಡಿಸೆಂಬರ್ ಚಳಿಯಲ್ಲಿ ತೀರಿಸಿಕೊಂಡರು.

ಬೇರೆಯವರಿಗೆ ಹೇಳುವಾಗ

ಇದಾದ ಮೇಲೆ ಮೂರ್ನಾಲ್ಕು ಜನ ಬಂದು ಮೇಷ್ಟ್ರ ಸೀಟಿನ ಎತ್ತರ ಎಷ್ಟು, ಯಾವ ಸೀಟು ಅಂತ ಕೇಳಿದರು. ಆ ಅಂಕಿಗಳು ಅವರಿಗೆ ಮಾತ್ರ. ನಾನು ಈಗ ಬಂದವರಿಗೆ ಮೊದಲು ಕೇಳೋದು ಬೇರೆ: ಅಂಗಡಿಯಿಂದ ತಂದ ಮೇಲೆ ಏನೇನು ಬದಲಿಸಿದ್ದೀರಿ, ಯಾವುದರ ನಂತರ ಯಾವ ನೋವು ಶುರುವಾಯಿತು. ಕೈ ನೋವು ಅಂದರೆ ಸೀಟಿನ ಮಟ್ಟ ನೋಡುತ್ತೇನೆ, ಉಜ್ಜುತ್ತೆ ಅಂದರೆ ಎತ್ತರ ನೋಡುತ್ತೇನೆ. ಏನನ್ನೂ ಕೊಳ್ಳುವ ಮುಂಚೆ ಒಂದು ಸಲ ಅವರ ಹಿಂದೆ ಹತ್ತು ಕಿಲೋಮೀಟರ್ ಹೋಗುತ್ತೇನೆ. ನಮ್ಮ ಪ್ರಕರಣದಲ್ಲಿ ಉಪಯೋಗಕ್ಕೆ ಬಂದ ಮುಖ್ಯ ಬದಲಾವಣೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನದಕ್ಕೆ ಬೇಕಾದದ್ದು ಬರೀ ಒಂದು ಅಲೆನ್ ಕೀ, ಆರು ಮೂಲೆಯ ಬೋಲ್ಟ್ ತಿರುಗಿಸುವ ಕೀಲಿ. ದುಡ್ಡು ಹೋದದ್ದು ಸೀಟು, ಗ್ರಿಪ್, ಕೊಂಬು, ಕ್ಯಾರಿಯರ್, ಚಡ್ಡಿಗೆ. ಜೆಲ್ ಕವರ್ ಈಗ ಮೇಷ್ಟ್ರ ಹೆಂಡತಿಯ ಸ್ಕೂಟರ್ ಡಿಕ್ಕಿಯಲ್ಲಿದೆ, ಯಾಕೆ ಅಂತ ಗೊತ್ತಿಲ್ಲ.

ಸೀಟಿನ ಕಂಬಿಗೆ ಒಂದು ಸುತ್ತು ಕೆಂಪು ಟೇಪ್ ಸುತ್ತಿಸಿದ್ದೇನೆ. ಕಳೆದ ತಿಂಗಳು ಮಗ ಸೈಕಲ್ ತಗೊಂಡು ಹೋಗಿ ಸೀಟು ಎತ್ತಿದ್ದ, ಟೇಪ್ ನೋಡಿ ಮೇಷ್ಟ್ರು ಮತ್ತೆ ಅದೇ ಜಾಗಕ್ಕೆ ಇಳಿಸಿಕೊಂಡರು.

ಒಂದು ಮಾತ್ರ ಇನ್ನೂ ಬಗೆಹರಿದಿಲ್ಲ. ಐವತ್ತು ಕಿಲೋಮೀಟರ್ ದಾಟಿ ಬಿಸಿಲೇರಿದರೆ ಎಡ ಪಾದದ ಅಡಿ ಕೆಂಡ ತುಳಿದ ಹಾಗೆ ಉರಿಯುತ್ತೆ. ಬಿಸಿಗೆ ಪಾದ ಊದುತ್ತಲ್ಲ, ಶೂ ಲೇಸ್ ಸಡಿಲ ಬಿಟ್ಟು ನೋಡಿದೆವು, ಸ್ವಲ್ಪ ಕಡಿಮೆ ಆಯಿತು. ಪಾದವನ್ನು ಪೆಡಲ್ ಮೇಲೆ ಇನ್ನೊಂದು ಸೆಂಟಿಮೀಟರ್ ಮುಂದೆ ಇಟ್ಟು ತುಳಿಯಲು ಹೇಳಿದ್ದೇನೆ. ಬಲಗಾಲಿಗೆ ಏನೂ ಇಲ್ಲ. ಎರಡೂ ಪಾದದ ಅಳತೆ ಬೇರೆ ಬೇರೆ ಇರಬಹುದಾ ಅಂತ ಅನುಮಾನ ಇದೆ, ಬರುವ ಭಾನುವಾರ ಹಾಜರಿ ಪುಸ್ತಕದ ಮೇಲೆ ಪಾದ ಇಡಿಸಿ ಸುತ್ತ ಪೆನ್ಸಿಲ್ ಗೆರೆ ಎಳೆದು ನೋಡಬೇಕು.